ಹಾಜರಿ ಪುಸ್ತಕದ ಕೆಂಪು ಗೆರೆ

ನಮ್ಮ ಸೀಮೆಯಲ್ಲಿ ಕೊಬ್ಬರಿ ಆಗಿದೆಯೋ ಇಲ್ಲವೋ ಎಂಬುದನ್ನು ಕಿವಿಯಿಂದ ತಿಳಿಯುತ್ತಾರೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ಹೆಣ್ಣುಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೇರೆ ಕಡೆಯವರಿಗಾಗಿ ಹೇಳುತ್ತೇನೆ. ಬಲಿತ ಕಾಯಿಯನ್ನು ಸಿಪ್ಪೆಸಮೇತ ಅಟ್ಟಕ್ಕೆ ಹಾಕಿ ಹೆಚ್ಚುಕಡಿಮೆ ಒಂದು ವರ್ಷ ಬಿಡುತ್ತೇವೆ. ಒಳಗಿನ ನೀರು ತಾನಾಗಿ ಇಂಗಬೇಕು, ತಿರುಳು ತಾನಾಗಿ ಕರಟ ಬಿಡಬೇಕು. ಅವಸರಪಟ್ಟು ಒಡೆದರೆ ಉಂಡೆ ಕೊಬ್ಬರಿ ಸಿಕ್ಕುವುದಿಲ್ಲ. ಹಾಲ್ಕುರಿಕೆಯ ನಮ್ಮ ತವರುಮನೆಯಲ್ಲಿ ಅಣ್ಣನ ಮಗ ಅಟ್ಟದಿಂದ ಕಾಯಿ ಇಳಿಸುತ್ತಾನೆ, ಅಮ್ಮ ಕೆಳಗೆ ಕೂತು ಒಂದೊಂದನ್ನೇ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾಳೆ. ನೀರಿನ ಸದ್ದು ಬಂದರೆ ಅದು ವಾಪಸ್ಸು ಅಟ್ಟಕ್ಕೆ. ಗಿಟುಕು ಲೊಡಲೊಡ ಎಂದರೆ ಸುಲಿಯುವ ರಾಶಿಗೆ.

ಹೋದ ಬೇಸಿಗೆಯಲ್ಲಿ ನಾನು ಆ ರಾಶಿಯ ಪಕ್ಕದಲ್ಲೇ ಒಂದು ಬಿಳಿ ಹಾಳೆ ಹಿಡಿದು ಕೂತಿದ್ದೆ. ಇಪ್ಪತ್ತೆಂಟು ವರ್ಷ ಪಾಠ ಮಾಡಿದ ಮೇಲೆ ಮುಖ್ಯ ಶಿಕ್ಷಕಿಯಾಗುವ ಸರದಿ ಹತ್ತಿರ ಬಂದಿತ್ತು. ಅದಕ್ಕೆ ಮುಂಚಿನ ತರಬೇತಿಯಲ್ಲಿ ಎಲ್ಲರಿಗೂ ಒಂದು ಕೆಲಸ ಕೊಟ್ಟಿದ್ದರು. ‘ನೀವು ಎಂಥ ಮುಖ್ಯ ಶಿಕ್ಷಕರಾಗಬಯಸುತ್ತೀರಿ? ನಿಮ್ಮ ನಾಯಕತ್ವದ ತತ್ವವನ್ನು ಒಂದು ಪುಟದಲ್ಲಿ ಬರೆಯಿರಿ.’ ಜೊತೆಯವರು ಅಲ್ಲೇ ಕೂತು ಬರೆದುಕೊಟ್ಟರು. ಶಿಸ್ತು, ಸಮಯಪಾಲನೆ, ಎಲ್ಲರನ್ನೂ ಒಟ್ಟಿಗೆ ಕೊಂಡೊಯ್ಯುವುದು. ನನಗೂ ಆ ಮಾತುಗಳು ಬಾಯಿಪಾಠ. ಆದರೆ ಬರೆಯಲು ಕೈ ಏಳಲಿಲ್ಲ. ಯಾಕೆಂದರೆ ನಾನು ಒಮ್ಮೆ, ಮೂರೇ ತಿಂಗಳ ಮಟ್ಟಿಗೆ, ಮುಖ್ಯೋಪಾಧ್ಯಾಯಿನಿಯ ಕುರ್ಚಿಯಲ್ಲಿ ಕೂತವಳು. ಆಗ ಏನು ಮಾಡಿದೆ ಎಂಬುದು ನನಗೆ ಗೊತ್ತು. ಅದನ್ನು ಹೇಳುವ ಮುಂಚೆ ನಮ್ಮ ತಾತನ ಕಥೆ ಹೇಳಬೇಕು.

ತಾತ ಓದಿದ್ದು ಕೂಲಿಮಠದಲ್ಲಿ. ಐಗಳು ಒಬ್ಬರೇ, ಪಾಠವೂ ಅವರದೇ, ನ್ಯಾಯವೂ ಅವರದೇ. ಮರಳಿನ ಮೇಲೆ ಬೆರಳಿಂದ ಅಕ್ಷರ ತಿದ್ದಿಸುತ್ತಿದ್ದರು. ವರ್ಷಕ್ಕಿಷ್ಟು ಅಂತ ಮನೆಮನೆಯಿಂದ ರಾಗಿ, ಕಾಯಿ ಹೋಗುತ್ತಿತ್ತು. ತಪ್ಪು ಮಾಡಿದ ಹುಡುಗನಿಗೆ ಕೋದಂಡ. ಅಂದರೆ ತೊಲೆಗೆ ಹಗ್ಗ ಕಟ್ಟಿ, ಅದಕ್ಕೆ ಹುಡುಗನ ಕೈಗಳನ್ನು ಜೋತುಬೀಳಿಸಿ, ಕೆಳಗಿನಿಂದ ಬರೆ ಬರುವಂತೆ ಬಾರಿಸುವುದು. ತಾತ ಇದನ್ನು ಹೇಳುವಾಗ ನಗುತ್ತಿದ್ದರು. ‘ಆ ಏಟಿಂದಾನೇ ಕಣಮ್ಮ ಕಾಲು-ಅರೆ ಲೆಕ್ಕ ಬಂದಿದ್ದು’ ಅನ್ನುತ್ತಿದ್ದರು. ಆದರೆ ಜೊತೆಯ ಹುಡುಗರು ಎಷ್ಟು ಜನ ಓದು ಮುಗಿಸಿದರು ಅಂತ ಕೇಳಿದರೆ ನಗು ನಿಲ್ಲುತ್ತಿತ್ತು. ‘ಅವರೆಲ್ಲ ಬಿಟ್ಟರು’ ಅನ್ನುವುದೇ ಉತ್ತರ. ಯಾರೂ ಅವರನ್ನು ಕರೆಯಲು ಹೋಗಲಿಲ್ಲವೇ? ‘ಐಗಳು ಯಾರ ಮನೆಗಾದರೂ ಹೋಗ್ತಾರಾ? ಬೇಕಾದೋರು ಬರಬೇಕು.’

ಮುಂದೆ ನಾನು ಶಿಕ್ಷಕಿಯಾದ ಮೇಲೆ, ಹಳೆಯ ಶಾಲೆಗಳ ಬಗ್ಗೆ ಓದುವ ಹುಚ್ಚು ಹತ್ತಿತು. ಆಗ ಒಂದು ವರದಿ ಕಣ್ಣಿಗೆ ಬಿತ್ತು. ಮದರಾಸಿನ ಗವರ್ನರ್ ಆಗಿದ್ದ ಥಾಮಸ್ ಮನ್ರೋ 1822ರಲ್ಲಿ ಜಿಲ್ಲೆಜಿಲ್ಲೆಯ ಶಾಲೆಗಳ ಲೆಕ್ಕ ಕೇಳಿದ. ನಮ್ಮ ಬಳ್ಳಾರಿಯ ಕಲೆಕ್ಟರ್ ಆಗಿದ್ದ ಎ.ಡಿ. ಕ್ಯಾಂಪ್‌ಬೆಲ್ 1823ರಲ್ಲಿ ಅದಕ್ಕೆ ಉತ್ತರ ಬರೆದ. ಧರ್ಮಪಾಲರು 1983ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಆ ಪತ್ರಗಳೆಲ್ಲ ಇವೆ. ಅದರಲ್ಲಿ ತಾತನ ಕೂಲಿಮಠ ಹಾಗೆಯೇ ಕಂಡಿತು. ಬೆಳಿಗ್ಗೆ ಮೊದಲು ಬಂದ ಹುಡುಗನ ಅಂಗೈ ಮೇಲೆ ಸರಸ್ವತಿಯ ಹೆಸರು ಬರೆಯುತ್ತಿದ್ದರಂತೆ. ಎರಡನೆಯವನ ಅಂಗೈಗೆ ಸೊನ್ನೆ. ಮೂರನೆಯವನಿಗೆ ಮೆಲ್ಲಗೆ ಒಂದು ಏಟು, ನಾಲ್ಕನೆಯವನಿಗೆ ಎರಡು, ಹೀಗೆ ತಡವಾದಷ್ಟೂ ಏಟು ಹೆಚ್ಚು. ಸೋಮಾರಿಯಾದವನನ್ನು ಕೈ ಕಟ್ಟಿ ಸೂರಿಗೆ ತೂಗುಹಾಕುವುದೂ ಅಲ್ಲಿದೆ.

ಆ ವರದಿಯ ಲೆಕ್ಕವನ್ನೂ ನೋಡಿ. ಬಳ್ಳಾರಿ ಜಿಲ್ಲೆಯಲ್ಲಿ ಆಗ 533 ಶಾಲೆ, 6,641 ಮಕ್ಕಳು. ಅವರಲ್ಲಿ ಹೆಣ್ಣುಮಕ್ಕಳು ಎಷ್ಟು ಗೊತ್ತೆ? ಅರವತ್ತು. ಶಾಲೆಗೆ ಒಬ್ಬಳಲ್ಲ, ಒಂಬತ್ತು ಶಾಲೆಗೆ ಒಬ್ಬಳು ಬಂದರೆ ಹೆಚ್ಚು. ಕ್ಯಾಂಪ್‌ಬೆಲ್ ಇನ್ನೊಂದು ಮಾತು ಬರೆಯುತ್ತಾನೆ. ಬಡವರ ಮನೆಯಲ್ಲಿ ಮಗುವಿನ ಎಳೆಯ ಕೈಕಾಲಿಗೆ ಒಂದಿಷ್ಟು ಕೆಲಸ ಮಾಡುವ ತ್ರಾಣ ಬಂದ ಕೂಡಲೆ ತಾಯ್ತಂದೆಗೆ ಅದರ ನೆರವು ಬೇಕಾಗುತ್ತದೆ, ಶಾಲೆ ಅಲ್ಲಿಗೆ ನಿಲ್ಲುತ್ತದೆ ಎಂದು. ಇದನ್ನು ಓದಿದಾಗ ನನಗೆ ಮೈ ಜುಮ್ಮೆಂದಿತು. ಅಂಗೈ ಮೇಲಿನ ಸರಸ್ವತಿ ಬಂದವರಿಗೆ, ಏಟು ತಡವಾಗಿ ಬಂದವರಿಗೆ. ಬರಲೇ ಇಲ್ಲದವರಿಗೆ ಆ ಶಾಲೆಯಲ್ಲಿ ಏನೂ ಇರಲಿಲ್ಲ.

ಕೋಲಿನ ಆಡಳಿತದ ಮೇಲೆ ಪುಸ್ತಕದ ಆಡಳಿತ ಬಂತು. ಮೈಸೂರು ಸೀಮೆಯಲ್ಲಿ ಬಿ.ಎಲ್. ರೈಸ್, ಅದೇ ನಮ್ಮ ಶಾಸನಗಳನ್ನೆಲ್ಲ ಅಚ್ಚು ಮಾಡಿಸಿದ ರೈಸ್ ಸಾಹೇಬರು, ವಿದ್ಯಾ ಇಲಾಖೆಯಲ್ಲಿದ್ದಾಗ ಹೋಬಳಿಗೊಂದು ಶಾಲೆ ಬೇಕೆಂದು 1868ರಲ್ಲಿ ಯೋಜನೆ ಹಾಕಿದರು. ಆಗ ನಮ್ಮ ತಾಲ್ಲೂಕಿನ ಹೆಸರು ತಿಪಟೂರಲ್ಲ, ಹೊನ್ನವಳ್ಳಿ. ಗಂಗಾಪಾನಿ ಎಂಬ ಎಳನೀರಿಗೆ ಹೆಸರಾದ ಊರು ಅದು. ಸರ್ಕಾರಿ ಶಾಲೆಯ ಜೊತೆಗೆ ಹಾಜರಿ ಪುಸ್ತಕ ಬಂತು, ದಾಖಲಾತಿ ಪುಸ್ತಕ ಬಂತು, ಅವನ್ನು ನೋಡಲು ಇನ್‌ಸ್ಪೆಕ್ಟರು ಬಂದರು. ಐಗಳು ಯಾರಿಗೂ ಉತ್ತರ ಹೇಳಬೇಕಿರಲಿಲ್ಲ. ಹೆಡ್‌ಮಾಸ್ತರು ಪುಸ್ತಕಕ್ಕೆ ಉತ್ತರ ಹೇಳಬೇಕಾಯಿತು. ಗೋಖಲೆಯವರು ಇಡೀ ದೇಶಕ್ಕೆ ಕಡ್ಡಾಯ ಶಿಕ್ಷಣ ಬೇಕೆಂದು 1911ರಲ್ಲಿ ತಂದ ಮಸೂದೆ ಬಿದ್ದುಹೋಯಿತು. ಆದರೆ ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಮೈಸೂರಿನಲ್ಲಿ 1913ರಲ್ಲೇ ಕಾನೂನಾಯಿತು, ಮೊದಲು ಆಯ್ದ ಕೆಲವು ಊರುಗಳಲ್ಲಿ. ದೊಡ್ಡ ಹೆಜ್ಜೆ, ಸಂಶಯವಿಲ್ಲ. ಆದರೆ ಪುಸ್ತಕಕ್ಕೆ ಒಂದು ಗುಣವಿದೆ. ಅದು ಬಂದವರನ್ನೂ ಬರದವರನ್ನೂ ಒಂದೇ ಅಗಲದ ಮನೆಯಲ್ಲಿ ತೋರಿಸುತ್ತದೆ. ಯಾಕೆ ಬರಲಿಲ್ಲ ಎಂದು ಬರೆಯಲು ಅದರಲ್ಲಿ ಜಾಗವಿಲ್ಲ.

ಇನ್ನು ನನ್ನ ಮೂರು ತಿಂಗಳ ಕಥೆ. ಅದು 1999. ಹಾಲ್ಕುರಿಕೆಯಿಂದ ಎರಡು ಬಸ್ಸು ಬದಲಿಸಿ ಹೋಗಬೇಕಾದ ಒಂದು ಹಳ್ಳಿಯ ಶಾಲೆ. ಊರಿನ ಹೆಸರು ಬೇಡ. ಮುಖ್ಯೋಪಾಧ್ಯಾಯರು ರಜೆಯ ಮೇಲೆ ಹೋದರು, ಪ್ರಭಾರ ನನಗೆ ಬಂತು. ನನಗಾಗ ಇಪ್ಪತ್ತೇಳು ವರ್ಷ, ಮನೆಯಲ್ಲಿ ಹಾಲು ಕುಡಿಯುವ ಮಗು. ಶಾಲೆಯಲ್ಲಿ ನನಗಿಂತ ಹಿರಿಯ ಇಬ್ಬರು ಮೇಷ್ಟ್ರಿದ್ದರು. ಅವರಿಗೆ ಆ ಲೆಕ್ಕಪತ್ರದ ತಲೆನೋವು ಬೇಡವಾಗಿತ್ತು, ಆದರೆ ನಾನು ಮಾಡುವುದನ್ನು ನೋಡಿ ನಗುವ ಉತ್ಸಾಹವಿತ್ತು. ‘ಹೆಂಗಸು, ಪಾಪ, ಏನು ಮಾಡುತ್ತಾಳೆ’ ಎಂಬ ಮಾತು ಅಂಗಡಿ ಜಗಲಿಯಿಂದ ನನ್ನ ಕಿವಿಗೂ ಬಿದ್ದಿತ್ತು. ಈ ಮಾತು ಕೇಳದೆ ಒಂದು ಅಧಿಕಾರದ ಕುರ್ಚಿಯಲ್ಲಿ ಕೂತ ಹೆಣ್ಣು ಯಾರಾದರೂ ಇದ್ದಾರೆಯೇ? ಅಂದೇ ನಿಶ್ಚಯ ಮಾಡಿದೆ. ಮೆತ್ತಗಿನವಳು ಅನ್ನಿಸಿಕೊಳ್ಳಬಾರದು. ಗಂಡಸರಿಗಿಂತ ಒಂದು ಕೈ ಹೆಚ್ಚು ಬಿಗಿಯಾಗಿರಬೇಕು.

ಬಿಗಿಯಾದೆ. ಪ್ರಾರ್ಥನೆಗೆ ತಡವಾಗಿ ಬಂದವರನ್ನು ಬಿಸಿಲಲ್ಲಿ ನಿಲ್ಲಿಸಿದೆ. ತಪಾಸಣೆ ಬರುತ್ತದೆ ಎಂದು ತಿಳಿದಾಗ ಪುಸ್ತಕಗಳನ್ನೆಲ್ಲ ಕೂತು ತಿದ್ದಿದೆ. ಆರನೇ ತರಗತಿಯ ಹಾಜರಿಯಲ್ಲಿ ಒಬ್ಬ ಹುಡುಗಿಯ ಹೆಸರಿನ ಮುಂದೆ ಸಾಲಾಗಿ ‘ಗೈ’ ಇತ್ತು. ಎರಡು ತಿಂಗಳಿಂದ ಬಂದಿರಲಿಲ್ಲ. ಚುರುಕಾದ ಹುಡುಗಿ, ಬೋರ್ಡಿನ ಮೇಲೆ ಚಿತ್ರ ಬರೆದರೆ ನಾವೇ ಅಳಿಸಲು ಹಿಂದೆಮುಂದೆ ನೋಡುತ್ತಿದ್ದೆವು. ಅವರ ಮನೆ ಶಾಲೆಗೆ ಎಷ್ಟೂ ದೂರವಿರಲಿಲ್ಲ, ಕೆರೆ ಏರಿಯ ಆಚೆ. ಹೋಗಿ ಬರಲು ಅರ್ಧ ಗಂಟೆ ಸಾಕಿತ್ತು. ನಾನು ಹೋಗಲಿಲ್ಲ. ಕೆಂಪು ಶಾಯಿಯ ಪೆನ್ನು ತೆಗೆದು, ಅಡಿಪಟ್ಟಿ ಇಟ್ಟು, ಅವಳ ಹೆಸರಿನ ಮೇಲೆ ನೇರವಾದ ಒಂದು ಗೆರೆ ಎಳೆದೆ. ದಾಖಲಾತಿ ಪುಸ್ತಕದಲ್ಲಿ ‘ದೀರ್ಘ ಗೈರುಹಾಜರಿ, ಹೆಸರು ತೆಗೆದಿದೆ’ ಎಂದು ಬರೆದು ಸಹಿ ಹಾಕಿದೆ. ಹಾಜರಿಯ ಸರಾಸರಿ ಮೇಲೆದ್ದಿತು. ತಪಾಸಣೆಗೆ ಬಂದವರು ಪುಸ್ತಕ ತುಂಬಾ ಅಚ್ಚುಕಟ್ಟಾಗಿದೆ ಎಂದರು. ನನಗೆ ಎಷ್ಟು ಹಿಗ್ಗಾಯಿತೆಂದರೆ ಮನೆಗೆ ಬಂದು ಅಂದು ಪಾಯಸ ಮಾಡಿದ್ದೆ.

ಹುಡುಗಿಯ ಅವ್ವ ಕೊಬ್ಬರಿ ಒಡೆಯುವ ಕಡೆ ಕೂಲಿಗೆ ಹೋಗುತ್ತಿದ್ದಳು, ಮನೆಯಲ್ಲಿದ್ದ ಕೂಸನ್ನು ಈ ಹುಡುಗಿ ನೋಡಿಕೊಳ್ಳಬೇಕಾಗಿತ್ತು. ಇದು ನನಗೆ ತಿಳಿದದ್ದು ಆಮೇಲೆ. ನನ್ನ ಮಗುವನ್ನು ನೋಡಿಕೊಳ್ಳಲು ಅತ್ತೆಯವರಿದ್ದರು. ಅದರಿಂದಲೇ ನಾನು ಆ ಕುರ್ಚಿಯಲ್ಲಿ ಕೂತಿದ್ದೆ. ಹುಡುಗಿಗೆ ಹದಿನೈದು ತುಂಬುವ ಮುಂಚೆ ಮದುವೆಯಾಯಿತು ಎಂದು ಯಾರೋ ಹೇಳಿದರು.

ಆಗಿನಿಂದ ನಾನು ಓದುವ ಇತಿಹಾಸದಲ್ಲಿ ಒಂದೇ ಪ್ರಶ್ನೆ ಹುಡುಕತೊಡಗಿದೆ. ಬಾರದ ಮಗುವಿನ ಮನೆಗೆ ಹೋದವರು ಯಾರಾದರೂ ಇದ್ದರೇ?

ಇದ್ದರು. ಸಾವಿತ್ರಿಬಾಯಿ ಫುಲೆ 1848ರಲ್ಲಿ ಪುಣೆಯ ಭಿಡೆ ವಾಡೆಯಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದಾಗ ಅವರಿಗಿನ್ನೂ ಹದಿನೇಳು. ದಾರಿಯಲ್ಲಿ ಸಗಣಿ ಕೆಸರು ಎರಚುತ್ತಿದ್ದರೆಂದು ಬದಲಿಗೆ ಇನ್ನೊಂದು ಸೀರೆ ಜೊತೆಯಲ್ಲೇ ಒಯ್ಯುತ್ತಿದ್ದರು. ಈ ಕಥೆ ನಮಗೆಲ್ಲ ಗೊತ್ತು. ಆದರೆ ಮಕ್ಕಳು ನಡುವೆ ಬಿಟ್ಟು ಹೋಗದಿರಲೆಂದು ಅವರಿಗೆ ವೇತನ ಕೊಡುತ್ತಿದ್ದರು ಎಂಬುದು ಅಷ್ಟು ಜನಕ್ಕೆ ಗೊತ್ತಿಲ್ಲ. ಸೀರೆಯ ಕಥೆಯಲ್ಲಿ ಅವರ ಧೈರ್ಯ ಕಾಣುತ್ತದೆ, ಈ ವೇತನದಲ್ಲಿ ಅವರ ಆಡಳಿತ.

ಮೈಸೂರಿನ ಮಹಾರಾಣಿ ಶಾಲೆಯನ್ನು 1881ರಲ್ಲಿ ಅಂಬಳೆ ನರಸಿಂಹ ಅಯ್ಯಂಗಾರ್ಯರು ಕಟ್ಟಿದಾಗ, ಮಡಿವಂತ ಮನೆಗಳ ಹಿರಿಯರು ಹೆಣ್ಣುಮಕ್ಕಳನ್ನು ಹೊಸಿಲು ದಾಟಿಸಲು ಒಪ್ಪುತ್ತಿರಲಿಲ್ಲ. ಅವರು ಬೈಯುತ್ತ ಕೂರಲಿಲ್ಲ. ಮನೆಯವರಿಗೆ ಒಪ್ಪಿಗೆಯಾಗುವ ಸಂಗೀತವನ್ನು ಪಾಠದಲ್ಲಿ ಸೇರಿಸಿದರು, ಹುಡುಗಿಯರನ್ನು ಕರೆತರಲು ಮುಚ್ಚಿದ ಗಾಡಿ ಕಳಿಸಿದರು. ಆ ಶಾಲೆಯ ಕೀರ್ತಿ ಎಲ್ಲಿಯವರೆಗೆ ಹೋಯಿತೆಂದರೆ 1890ರ ದಶಕದಲ್ಲಿ ರವೀಂದ್ರನಾಥ ಟಾಗೋರರ ಅಕ್ಕನ ಮಗಳು ಸರಳಾದೇವಿ, ಗಂಡಸರಂತೆ ತಾನೂ ದುಡಿದು ನಿಲ್ಲಬೇಕೆಂದು ಹಟ ಹಿಡಿದು, ಬಂಗಾಳದಿಂದ ಅಲ್ಲಿಗೆ ಕೆಲಸಕ್ಕೆ ಬಂದರು. ಮೇಲುಜಾತಿಯ ಮನೆಗಳಿಗೆ ಗಾಡಿ ಹೋಯಿತು, ಕೆಳಗಿನ ಕೇರಿಗೆ ಹೋಗಲಿಲ್ಲ, ನಿಜ. ಆದರೆ ಶಾಲೆಯೇ ಮಗುವಿನ ಬಾಗಿಲಿಗೆ ಹೋಗಬಹುದು ಎಂಬುದನ್ನು ಆ ಗಾಡಿ ತೋರಿಸಿತು.

ಕೆಳಗಿನ ಕೇರಿಗೆ ಹೋದವರು ಮಂಗಳೂರಿನ ಕುದ್ಮುಲ್ ರಂಗರಾಯರು. ಅವರು 1892ರಲ್ಲಿ ಉರ್ವ ಚಿಲಿಂಬಿಯಲ್ಲಿ ಅಸ್ಪೃಶ್ಯರೆನಿಸಿದ ಮಕ್ಕಳಿಗಾಗಿ ಶಾಲೆ ಇಟ್ಟರು. ಜನರ ವಿರೋಧಕ್ಕೆ ಶಾಲೆಯನ್ನು ಜಾಗದಿಂದ ಜಾಗಕ್ಕೆ ಹೊತ್ತು ತಿರುಗಿದರು. ಪಾಠ ಹೇಳಲು ಸವರ್ಣೀಯರು ಬಾರದಿದ್ದಾಗ ಕ್ರೈಸ್ತ ಶಿಕ್ಷಕರನ್ನು ಕರೆತಂದರು. ಕೂಲಿ ಬಿಟ್ಟು ಬರುವ ಮಕ್ಕಳ ಕೈಗೆ ಒಂದಿಷ್ಟು ಕಾಸು ಕೊಟ್ಟರು. ಕ್ಯಾಂಪ್‌ಬೆಲ್ ಬಳ್ಳಾರಿಯಲ್ಲಿ ಕಂಡು ಬರೆದಿಟ್ಟ ಕಷ್ಟಕ್ಕೆ ಎಪ್ಪತ್ತು ವರ್ಷದ ಮೇಲೆ ಮಂಗಳೂರಿನಲ್ಲಿ ಒಬ್ಬರು ತಮ್ಮ ಜೇಬಿನಿಂದ ಉತ್ತರ ಹುಡುಕಿದರು. ತಾನು ಓದಿಸಿದ ಮಕ್ಕಳಲ್ಲಿ ಒಬ್ಬ ಸರ್ಕಾರಿ ಕೆಲಸ ಹಿಡಿದು ಕಾರಿನಲ್ಲಿ ಓಡಾಡಬೇಕು, ಆ ಕಾರಿನ ಧೂಳು ತನ್ನ ತಲೆಗೆ ತಾಕಬೇಕು, ಆಗ ಜನ್ಮ ಸಾರ್ಥಕ ಎಂದು ಅವರು ಹೇಳುತ್ತಿದ್ದರಂತೆ.

ದೂರದ ಜಪಾನಿನ ತೊತ್ತೋ ಚಾನ್ ಪುಸ್ತಕವನ್ನು ನಿಮ್ಮಲ್ಲಿ ಹಲವರು ಕನ್ನಡದಲ್ಲಿ ಓದಿರುತ್ತೀರಿ. ಬೇರೆ ಶಾಲೆಯಿಂದ ಹೊರಹಾಕಿಸಿಕೊಂಡ ಆ ಪುಟ್ಟ ಹುಡುಗಿ ಟೋಕಿಯೋದ ತೊಮೊಯೆ ಶಾಲೆಗೆ ಬಂದಾಗ ಮುಖ್ಯೋಪಾಧ್ಯಾಯ ಕೊಬಾಯಾಶಿ ಅವಳ ತಾಯಿಯನ್ನು ಕಳಿಸಿ, ಹುಡುಗಿಯ ಎದುರು ಕುರ್ಚಿ ಎಳೆದುಕೊಂಡು ಕೂತು, ಅವಳಿಗೆ ಹೇಳಬೇಕೆನಿಸಿದ್ದನ್ನೆಲ್ಲ ನಾಲ್ಕು ಗಂಟೆ ಕೇಳಿದರು. ಯುದ್ಧದಲ್ಲಿ, 1945ರ ಬಾಂಬಿಗೆ, ಆ ಶಾಲೆ ಸುಟ್ಟುಹೋಯಿತು. ಆದರೂ ಆ ನಾಲ್ಕು ಗಂಟೆಯನ್ನು ಹುಡುಗಿ ಮರೆಯಲಿಲ್ಲ. ಆ ಪುಟ ಓದುವಾಗಲೆಲ್ಲ ನನಗೆ ಕೆರೆ ಏರಿಯ ಆಚೆಯ ಮನೆಗೆ ಬೇಕಾಗಿದ್ದ ಅರ್ಧ ಗಂಟೆ ನೆನಪಾಗುತ್ತದೆ.

ಹೊಸ ಶತಮಾನ ನಮ್ಮ ಶಾಲೆಗಳಲ್ಲೂ ಹೊಸ ಗಾಳಿ ತಂದಿತು. ಸರ್ಕಾರ 2001ರಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಮಾಡಿ, ಅಲ್ಲಿಯವರೆಗೆ ಬಾಗಿಲ ಹೊರಗೆ ನಿಲ್ಲುತ್ತಿದ್ದ ತಾಯ್ತಂದೆಯರನ್ನು ಒಳಗೆ ಕೂರಿಸಿತು. ಮೊದಮೊದಲು ನಮಗೆ ಸಿಟ್ಟೇ ಬಂತು. ಓದುಬರಹ ಬಾರದವರು ನಮ್ಮ ಲೆಕ್ಕ ಕೇಳುವುದೇ ಎಂದು. ನಾನು ಆಗ ಇದ್ದ ಶಾಲೆಯ ಸಮಿತಿಯಲ್ಲಿ ಹೆಬ್ಬೆಟ್ಟು ಒತ್ತುವ ಒಬ್ಬ ತಾಯಿ ಇದ್ದಳು. ಒಂದು ಸಭೆಯಲ್ಲಿ ನಾವು ಗೈರುಹಾಜರಿಯ ಅಂಕಿಅಂಶ ಓದುತ್ತಿದ್ದಾಗ ಅವಳು ನಡುವೆ ಬಾಯಿ ಹಾಕಿ, ‘ಮಿಸ್ಸೋರೆ, ಲೆಕ್ಕ ಹಂಗಿರ್ಲಿ, ಯಾರ್ ಯಾರು ಅಂತ ಹೆಸರು ಹೇಳಿ’ ಎಂದಳು. ಹೆಸರು ಓದಿದೆವು. ಒಂದೊಂದು ಹೆಸರಿಗೂ ಅವಳ ಹತ್ತಿರ ಕಾರಣವಿತ್ತು. ಈ ಮಗುವಿನ ಅಪ್ಪ ಹಾಸಿಗೆ ಹಿಡಿದಿದ್ದಾನೆ, ಆ ಹುಡುಗಿ ಮೈನೆರೆದಿದ್ದಾಳೆ, ಶಾಲೆಯಲ್ಲಿ ಬಾಗಿಲಿರುವ ಕಕ್ಕಸು ಇಲ್ಲ. ಸಂಜೆ ನಾಲ್ಕು ಮನೆಗೆ ಅವಳ ಹಿಂದೆ ಹೋದೆ. ಇಬ್ಬರು ಮಕ್ಕಳು ವಾಪಸ್ಸು ಬಂದರು. ನಾನು ಆಡಳಿತ ಕಲಿತದ್ದು ಆ ಸಂಜೆ ಎಂದರೆ ತಪ್ಪಾಗಲಾರದು. ಚಿಣ್ಣರ ಅಂಗಳ ಬಂತು, 2003ರ ಹೊತ್ತಿಗೆ ನಮ್ಮ ಕಡೆಗೂ ಬಿಸಿಯೂಟ ಬಂತು. ಶಿಕ್ಷಣ ಹಕ್ಕಿನ ಕಾನೂನು 2010ರ ಏಪ್ರಿಲ್‌ನಲ್ಲಿ ಜಾರಿಗೆ ಬಂದು, ಮಗುವನ್ನು ಹೊಡೆಯುವಂತಿಲ್ಲ, ಪ್ರಾಥಮಿಕ ಶಿಕ್ಷಣ ಮುಗಿಯುವವರೆಗೆ ಹೊರಹಾಕುವಂತಿಲ್ಲ ಎಂದಿತು. ತಾತನ ಕೋದಂಡಕ್ಕೂ ನನ್ನ ಕೆಂಪು ಗೆರೆಗೂ ಒಂದೇ ಕಾನೂನು ಉತ್ತರ ಕೊಟ್ಟಂತಾಯಿತು. ಆದರೆ ಹೊರಹಾಕದಿರುವುದೇ ಬೇರೆ, ಕರೆತರುವುದೇ ಬೇರೆ. ಎರಡನೆಯದನ್ನು ಯಾರಾದರೂ ಎದ್ದು ಹೋಗಿಯೇ ಮಾಡಬೇಕು.

ಎರಡು ವರ್ಷದ ಹಿಂದೆ ತಿಪಟೂರು ಬಸ್‌ಸ್ಟ್ಯಾಂಡಿನಲ್ಲಿ ಒಬ್ಬ ಹೆಂಗಸು ‘ಮಿಸ್’ ಎಂದು ಕೂಗಿದಳು. ಗುರುತು ಸಿಕ್ಕಲಿಲ್ಲ. ಅವಳೇ ಹೆಸರು ಹೇಳಿದಳು. ಹೆಸರು ನಾನು ಮರೆತಿರಲಿಲ್ಲ. ಅಂಗನವಾಡಿಯಲ್ಲಿ ಕೆಲಸಕ್ಕೆ ಅರ್ಜಿ ಹಾಕೋಣವೆಂದು ಹಳೇ ಶಾಲೆಗೆ ಹೋಗಿ ಕಾಗದ ತಂದಿದ್ದಳು. ಓದಿದ್ದು ಸಾಲದು ಎಂದರಂತೆ. ಚೀಲದಿಂದ ಆ ಕಾಗದ ತೆಗೆದು ತೋರಿಸಿದಳು. ‘ದೀರ್ಘ ಗೈರುಹಾಜರಿ’ ಎಂದಿತ್ತು.

‘ಅಲ್ಲಿ ಪುಸ್ತಕದಾಗೆ ನೋಡ್ದೆ ಮಿಸ್. ಅದು ನಿಮ್ಮ ಅಕ್ಷರಾನೇ ಅಲ್ವಾ? ನೀವು ‘ಗೈ’ ಹಂಗೇ ಬರೀತಿದ್ರಿ’ ಎಂದಳು. ಅವಳ ದನಿಯಲ್ಲಿ ದೂರು ಇರಲಿಲ್ಲ. ಹಳೇ ಮಿಸ್ಸಿನ ಅಕ್ಷರ ಗುರುತು ಹಿಡಿದ ಸಂತೋಷವೇ ಇತ್ತು. ಅದನ್ನು ತಡೆದುಕೊಳ್ಳುವುದು ಬೈಗಳಿಗಿಂತ ಕಷ್ಟವಾಯಿತು.

‘ನಾನು ಬಂದು ಕರೀಬೇಕಾಗಿತ್ತು ಕಣಮ್ಮ’ ಎಂದೆ.

ಅವಳು ಒಂದು ಗಳಿಗೆ ಸುಮ್ಮನಿದ್ದು, ‘ಕರೆದಿದ್ರೆ ನಮ್ಮವ್ವ ಕಳಿಸ್ತಿದ್ಲೋ ಏನೋ. ನಾನು ದಿನಾ ಬಾಗಿಲಾಗೆ ನಿಂತು ನೋಡ್ತಿದ್ದೆ’ ಎಂದಳು. ಅಷ್ಟರಲ್ಲಿ ಅವಳ ಬಸ್ಸು ಬಂತು.

ಆ ಮೇಲೆ ಅವಳನ್ನು ಹುಡುಕಿಕೊಂಡು ಹೋದೆ. ಇಪ್ಪತ್ತಮೂರು ವರ್ಷ ತಡವಾಗಿ. ಎಸ್.ಎಸ್.ಎಲ್.ಸಿ.ಯನ್ನು ಖಾಸಗಿಯಾಗಿ ಕಟ್ಟಬಹುದು ಎಂದು ಹೇಳಿ ಪುಸ್ತಕ ಕೊಟ್ಟು ಬಂದೆ. ಮೊದಲ ಸಲ ಗಣಿತ ಹೋಯಿತು. ಎರಡನೇ ಸಲ ಕಟ್ಟಿದ್ದಾಳೆ. ಇದರಿಂದ ಹೋದದ್ದು ಬಂದಂತಾಗಲಿಲ್ಲ. ಅದನ್ನು ನಾನು ನನಗೇ ಹೇಳಿಕೊಳ್ಳುತ್ತಿರುತ್ತೇನೆ.

ಹಾಲ್ಕುರಿಕೆಯಲ್ಲಿ ಕೊಬ್ಬರಿ ರಾಶಿಯ ಪಕ್ಕ ಕೂತು ಇದನ್ನೆಲ್ಲ ಅಮ್ಮನಿಗೆ ಹೇಳಿದೆ. ಅವಳು ಕಾಯಿ ಅಲ್ಲಾಡಿಸುವುದನ್ನು ನಿಲ್ಲಿಸದೆ ಕೇಳಿದಳು. ಕೊನೆಗೆ, ‘ಅವರು ಬರೀ ಅಂದಿರೋದು ಇದನ್ನೇ ಅಲ್ವೇನೆ? ಬರಿ’ ಎಂದಳು.

ಬರೆದೆ. ಒಂದು ಪುಟ ಬೇಕಾಗಲಿಲ್ಲ. ಪ್ರಾರ್ಥನೆ ಮುಗಿದ ಕೂಡಲೆ ಬಂದವರ ಸಂಖ್ಯೆ ಬರೆಯುವ ಮುಂಚೆ ಬಾರದವರ ಹೆಸರು ಓದಿಸುತ್ತೇನೆ. ಮೂರು ದಿನ ಬಾರದ ಮಗುವಿನ ಮನೆಗೆ ನಾನೇ ಹೋಗುತ್ತೇನೆ, ಬೇರೆಯವರನ್ನು ಕಳಿಸುವುದಿಲ್ಲ. ಹೋದಲ್ಲಿ ಮೊದಲು ಕೇಳುತ್ತೇನೆ, ಆಮೇಲೆ ಹೇಳುತ್ತೇನೆ. ಮೆತ್ತಗಿನವಳು ಎಂದು ಯಾರಾದರೂ ಅಂದರೆ ಅನ್ನಲಿ. ಶಿಕ್ಷಕರು ತಪ್ಪು ಮಾಡಿದಾಗಲೂ ಇದೇ ನಿಯಮ. ಮತ್ತು ಸಮಿತಿಯ ಸಭೆಯಲ್ಲಿ ಹೆಬ್ಬೆಟ್ಟು ಒತ್ತುವ ತಾಯಿಯನ್ನು ಹಿಂದಿನ ಸಾಲಿನಲ್ಲಿ ಕೂರಿಸುವುದಿಲ್ಲ.

ತರಬೇತಿಯಲ್ಲಿ ಅದನ್ನು ಓದಿದ ಅಧಿಕಾರಿಗಳು, ಇದರಲ್ಲಿ ನಾಯಕತ್ವದ ತತ್ವ ಎಲ್ಲಿದೆ ಎಂದು ಕೇಳಿದರು. ತತ್ವ ನನಗೆ ಗೊತ್ತಿಲ್ಲ ಸಾರ್, ಕೆಲಸ ಬರೆದಿದ್ದೇನೆ ಎಂದೆ. ಅವರು ನಕ್ಕು ಹಾಳೆಯನ್ನು ಕಡತಕ್ಕೆ ಸೇರಿಸಿದರು.

ಬಡ್ತಿಯ ಆದೇಶ ಇನ್ನೂ ಕೈಗೆ ಬಂದಿಲ್ಲ. ಬಂದ ದಿನ ಹೊಸ ಹಾಜರಿ ಪುಸ್ತಕದ ಜೊತೆಗೆ ಒಂದು ಪೆನ್ನೂ ಕೊಳ್ಳಬೇಕು. ನೀಲಿಯದು.